ಆರ್ಟ್ ಲೈಬ್ರೇರಿಯನ್ ಪಿಎಚ್‌ಡಿ ಮಾಡಿದರೆ ಏನಾಗುತ್ತೆ? ನಾನು ಮಾಡಿ ನೋಡಿದ್ದು

ಸಂಬಳ ಜಾಸ್ತಿ ಆಗುತ್ತಾ ಅನ್ನೋದು ಎಲ್ಲರ ಮೊದಲ ಪ್ರಶ್ನೆ. ಹಾಗಾಗಿ ಅದನ್ನು ಮೊದಲೇ ಮುಗಿಸಿಬಿಡುತ್ತೇನೆ. ನನಗೆ ಆಗಲಿಲ್ಲ. ಕೆಲವು ಸಂಸ್ಥೆಗಳಲ್ಲಿ ಬಡ್ತಿಗೆ ಪಿಎಚ್‌ಡಿ ಇರಲೇಬೇಕು ಅಂತ ನಿಯಮ ಇರುತ್ತದೆ, ಅಲ್ಲಿನ ಲೆಕ್ಕ ಬೇರೆ. ಅಂಥ ನಿಯಮ ಇಲ್ಲದ ಕಡೆ, ಕಲಾಶಾಲೆಯ ಲೈಬ್ರರಿಯಲ್ಲೋ ಮ್ಯೂಸಿಯಂ ಲೈಬ್ರರಿಯಲ್ಲೋ ಕೂತು ದುಡಿಯುವವರಿಗೆ, ಹೆಸರಿಗೆ ಡಾಕ್ಟರ್ ಅಂತ ಸೇರಿಕೊಂಡಿತು ಅನ್ನೋ ಕಾರಣಕ್ಕೆ ಯಾರೂ ಕರೆದು ಸಂಬಳ ಏರಿಸುವುದಿಲ್ಲ. ಇಷ್ಟು ಗೊತ್ತಿದ್ದೇ ನಾನು ಮಾಡಿದೆ. ಯಾಕೆ, ಹೇಗೆ, ಅದರಿಂದ ಲೈಬ್ರರಿಯ ಕೆಲಸದಲ್ಲಿ ನಿಜವಾಗಿ ಏನು ಬದಲಾಯಿತು ಅನ್ನೋದನ್ನು ಹೇಳುತ್ತೇನೆ.

ಲೈಬ್ರೇರಿಯನ್ ಆಗೋಕೆ ಪಿಎಚ್‌ಡಿ ಬೇಕು ಅಂತ ಈ ವೃತ್ತಿಯೇ ಹೇಳಿಲ್ಲ. ಅಮೆರಿಕದ ಕಾಲೇಜು ಮತ್ತು ಸಂಶೋಧನಾ ಲೈಬ್ರರಿಗಳ ಸಂಘ, ಅಂದರೆ ಎಸಿಆರ್‌ಎಲ್, ಲೈಬ್ರರಿ ಸೈನ್ಸ್‌ನ ಸ್ನಾತಕೋತ್ತರ ಪದವಿಯೇ ಈ ವೃತ್ತಿಗೆ ಕೊನೆಯ ಪದವಿ ಅಂತ 1975ರಲ್ಲೇ ತೀರ್ಮಾನ ಮಾಡಿತ್ತು. ಅದರ ಮೇಲೆ ಓದೋದು ಬಿಡೋದು ನಿಮ್ಮಿಷ್ಟ. ಆರ್ಟ್ ಲೈಬ್ರರಿಗಳ ಕೆಲಸದ ಜಾಹೀರಾತುಗಳಲ್ಲೂ ಲೈಬ್ರರಿ ಸೈನ್ಸ್ ಜೊತೆಗೆ ಕಲಾ ಇತಿಹಾಸದಲ್ಲಿ ಇನ್ನೊಂದು ಪದವಿ ಇದ್ದರೆ ಒಳ್ಳೆಯದು ಅಂತ ಬರೆದಿರುತ್ತಾರೆ, ಅಷ್ಟೇ. ಜರ್ಮನಿಯ ದಾರಿ ಬೇರೆ. ಅಲ್ಲಿನ ದೊಡ್ಡ ಲೈಬ್ರರಿಗಳಲ್ಲಿ ಒಂದೊಂದು ವಿಷಯ ನೋಡಿಕೊಳ್ಳೋರು ಆ ವಿಷಯವನ್ನೇ ಓದಿ ಬಂದವರು, ಅವರಲ್ಲಿ ಡಾಕ್ಟರೇಟ್ ಇರುವವರು ಸಾಕಷ್ಟು ಜನ. 2004ರಲ್ಲಿ ಅಮೆರಿಕದ ಸಿಎಲ್‌ಐಆರ್, ಅಂದರೆ ಲೈಬ್ರರಿ ಮತ್ತು ಮಾಹಿತಿ ಸಂಪನ್ಮೂಲಗಳ ಮಂಡಳಿ ಅನ್ನೋ ಸಂಸ್ಥೆ, ಪಿಎಚ್‌ಡಿ ಮುಗಿಸಿದವರನ್ನು ಸೀದಾ ಲೈಬ್ರರಿಗಳಿಗೆ ಕರೆತರುವ ಫೆಲೋಶಿಪ್ ಶುರು ಮಾಡಿತು. ಆಗ ವೃತ್ತಿಯ ಹಳಬರಲ್ಲಿ ಕೆಲವರು ಮೂಗು ಮುರಿದರು. ಲೈಬ್ರರಿ ಸೈನ್ಸ್ ಓದದವರಿಗೆ ಇಲ್ಲೇನು ಕೆಲಸ ಅಂತ.

ಹಳೆಯ ಹೆಸರುಗಳನ್ನು ನೋಡಿದರೂ ಒಂದು ತೀರ್ಮಾನಕ್ಕೆ ಬರೋಕಾಗಲ್ಲ. ನ್ಯೂಯಾರ್ಕಿನ ಮಾರ್ಗನ್ ಲೈಬ್ರರಿಯನ್ನು ಬೆಳೆಸಿದ ಬೆಲ್ ಡಾ ಕೋಸ್ಟಾ ಗ್ರೀನ್ 1905ರಲ್ಲಿ ಅಲ್ಲಿ ಕೆಲಸಕ್ಕೆ ಸೇರಿದರು, 1924ರಿಂದ 1948ರವರೆಗೆ ಅದರ ನಿರ್ದೇಶಕಿಯಾಗಿದ್ದರು. ಡಾಕ್ಟರೇಟ್ ಮಾಡಿದವರಲ್ಲ. ಗೆರ್ಟ್ರೂಡ್ ಬಿಂಗ್ ಮಾಡಿದವರು. ಹ್ಯಾಂಬರ್ಗಿನಲ್ಲಿ ಅರ್ನ್ಸ್ಟ್ ಕ್ಯಾಸಿರರ್ ಹತ್ತಿರ ತತ್ತ್ವಶಾಸ್ತ್ರದಲ್ಲಿ ಡಾಕ್ಟರೇಟ್ ಮುಗಿಸಿ ಕಲಾ ಇತಿಹಾಸಕಾರ ಆಬಿ ವಾರ್ಬರ್ಗ್ ಕಟ್ಟಿದ ಲೈಬ್ರರಿಗೆ ಸೇರಿದರು. 1933ರಲ್ಲಿ ನಾಜಿಗಳ ಕಾಟಕ್ಕೆ ಆ ಇಡೀ ಲೈಬ್ರರಿ ಹಡಗು ಹತ್ತಿ ಲಂಡನ್ನಿಗೆ ಹೋಯಿತು. ಬಿಂಗ್ ಜೊತೆಗೇ ಹೋದರು, ಮುಂದೆ ಅದರ ನಿರ್ದೇಶಕಿಯೂ ಆದರು. ಈ ಇಬ್ಬರಲ್ಲಿ ಯಾರು ಒಳ್ಳೆಯ ಲೈಬ್ರೇರಿಯನ್ ಅಂತ ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ.

ನನ್ನ ವಿಷಯ ಹುಟ್ಟಿದ್ದು ಒಂದು ಡಿಸ್ಕಾರ್ಡ್ ಪಟ್ಟಿಯಿಂದ. ಯಾವ ಲೈಬ್ರರಿಗೂ ಜಾಗ ಸಾಲಲ್ಲ, ಆರ್ಟ್ ಲೈಬ್ರರಿಗಂತೂ ಇನ್ನೂ ಸಾಲಲ್ಲ. ನಮ್ಮ ಪುಸ್ತಕಗಳು ದಪ್ಪ, ಅಗಲ, ಭಾರ. ಹಾಗಾಗಿ ಆಗಾಗ ಎರಡೆರಡು ಪ್ರತಿ ಇರುವುದನ್ನೆಲ್ಲ ಪಟ್ಟಿ ಮಾಡಿ ಒಂದನ್ನು ತೆಗೆದುಹಾಕುತ್ತಾರೆ. ಆ ಸಲದ ಪಟ್ಟಿಯಲ್ಲಿ ಹಳೆಯ ಹರಾಜು ಕ್ಯಾಟಲಾಗುಗಳೇ, ಅಂದರೆ ಹರಾಜಿಗೆ ಬಂದ ಚಿತ್ರಗಳ ಅಚ್ಚಾದ ಪಟ್ಟಿಗಳೇ, ಜಾಸ್ತಿ ಇದ್ದವು. ಸಹಿ ಹಾಕುವ ಮೊದಲು ಕಪಾಟಿನ ಹತ್ತಿರ ಹೋಗಿ ಒಂದು ಜೋಡಿಯನ್ನು ತೆಗೆದು ನೋಡಿದೆ. ಒಂದೇ ಹರಾಜು, ಒಂದೇ ದಿನ, ಒಂದೇ ಮುದ್ರಣ. ಒಂದು ಪ್ರತಿ ಹೊಸದರ ಹಾಗೆ ಶುಭ್ರವಾಗಿತ್ತು. ಇನ್ನೊಂದರ ಅಂಚಿನ ತುಂಬ ಪೆನ್ಸಿಲ್ ಬರಹ: ಪ್ರತಿ ಚಿತ್ರದ ನಂಬರಿನ ಎದುರು ಒಂದು ಮೊತ್ತ, ಪಕ್ಕದಲ್ಲಿ ಒಂದು ಹೆಸರು, ಕೆಲವು ಕಡೆ ಹೆಸರಿಗೆ ಅಡ್ಡಗೆರೆ, ಕೆಲವು ಕಡೆ ಬರೀ ಒಂದು ಅಕ್ಷರ. ಪಟ್ಟಿಯಲ್ಲಿ ಈ ಎರಡನೇ ಪ್ರತಿಯ ಮುಂದೆ ಒಂದು ಷರಾ ಇತ್ತು: "ಗೀಚಿದೆ, ತೆಗೆಯಬಹುದು."

ಷರಾ ಬರೆದವರನ್ನು ದೂರೋಕೆ ಆಗಲ್ಲ. ನಾವು ಕಲಿತ ಲೈಬ್ರರಿ ಸೈನ್ಸ್‌ನಲ್ಲಿ ಗೀಚಿದ ಪುಸ್ತಕ ಅಂದರೆ ಹಾಳಾದ ಪುಸ್ತಕ. ಹರಾಜು ಕ್ಯಾಟಲಾಗಿನ ವಿಷಯದಲ್ಲಿ ಮಾತ್ರ ಇದು ತಲೆಕೆಳಗು. ಯಾವ ಚಿತ್ರ ಮಾರಾಟಕ್ಕೆ ಬಂತು ಅನ್ನೋದನ್ನು ಅಚ್ಚಾದ ಭಾಗ ಹೇಳುತ್ತದೆ. ಅದು ಯಾರ ಕೈಗೆ ಹೋಯಿತು, ಎಷ್ಟಕ್ಕೆ ಹೋಯಿತು ಅನ್ನೋದು ಎಷ್ಟೋ ಸಲ ಆ ಪೆನ್ಸಿಲ್ ಗೀಚಿನಲ್ಲಿ ಮಾತ್ರ ಇರುತ್ತದೆ. ಒಂದು ಚಿತ್ರ ಯಾರ ಮನೆಯಿಂದ ಯಾರ ಮನೆಗೆ ಹೋಯಿತು ಅಂತ ಹಿಂದಕ್ಕೆ ಹುಡುಕಿಕೊಂಡು ಹೋಗುವುದಕ್ಕೆ ಪ್ರೊವೆನೆನ್ಸ್ ಸಂಶೋಧನೆ ಅನ್ನುತ್ತಾರೆ. ನಾಜಿಗಳು ಕಿತ್ತುಕೊಂಡ ಕಲಾಕೃತಿಗಳ ಬಗ್ಗೆ 1998ರಲ್ಲಿ ವಾಷಿಂಗ್ಟನ್ ಸಮ್ಮೇಳನದಲ್ಲಿ 44 ದೇಶಗಳು ಒಪ್ಪಿದ ತತ್ವಗಳು ಬಂದ ಮೇಲೆ ಈ ಕೆಲಸಕ್ಕೆ ಬೇಡಿಕೆ ಏಕಾಏಕಿ ಏರಿತು. ಮ್ಯೂಸಿಯಂಗಳು ತಮ್ಮ ಗೋಡೆಯ ಮೇಲಿನ ಚಿತ್ರ ಎಲ್ಲಿಂದ ಬಂತು ಅಂತ ತಾವೇ ಕೇಳಿಕೊಳ್ಳಬೇಕಾಯಿತು. ಅದಕ್ಕೆ ಬೇಕಾದ ಸಾಕ್ಷಿ ಆರ್ಟ್ ಲೈಬ್ರರಿಗಳ ಮೂಲೆಯ ಕಪಾಟಿನಲ್ಲಿತ್ತು.

ಆ ಪ್ರತಿಯನ್ನು ಪಟ್ಟಿಯಿಂದ ತೆಗೆದೆ. ತಲೆಯಲ್ಲಿ ಹೊಕ್ಕ ಪ್ರಶ್ನೆಯನ್ನು ತೆಗೆಯೋಕೆ ಆಗಲಿಲ್ಲ. ಇದನ್ನು ಬರೆದವರು ಯಾರು? ಹರಾಜು ಕೂಗಿದವರೇ? ಹಿಂದಿನ ಸಾಲಿನಲ್ಲಿ ಕೂತ ವ್ಯಾಪಾರಿಯೇ? ಅಥವಾ ಯಾರೋ ಬೇರೆ ಪ್ರತಿಯಿಂದ ಆಮೇಲೆ ನಿಧಾನವಾಗಿ ನಕಲು ಮಾಡಿಕೊಂಡದ್ದೇ? ಇವು ಮೂರಕ್ಕೂ ಸಾಕ್ಷಿಯಾಗಿ ಒಂದೇ ಬೆಲೆ ಇಲ್ಲ. ಹರಾಜುದಾರರ ಸ್ವಂತ ಪ್ರತಿಯಲ್ಲಿ ಮಾರುವವರ ಹೆಸರು, ಇಷ್ಟಕ್ಕಿಂತ ಕಡಿಮೆಗೆ ಕೊಡಬೇಡಿ ಅನ್ನೋ ಮೊತ್ತ, ಇವೆಲ್ಲ ಇರುವ ಸಾಧ್ಯತೆ ಇದೆ. ನಕಲಿನಲ್ಲಿ ನಕಲುದಾರನ ತಪ್ಪುಗಳೂ ಸೇರಿರುತ್ತವೆ. ಈ ವ್ಯತ್ಯಾಸವನ್ನು ನಮ್ಮ ಲೈಬ್ರರಿಯ ಕ್ಯಾಟಲಾಗ್ ದಾಖಲೆ, ಅಂದರೆ ಪ್ರತಿ ಪುಸ್ತಕದ ವಿವರ ಬರೆದಿಡುವ ದಾಖಲೆ, ಹೇಳುತ್ತಿರಲಿಲ್ಲ. "ಟಿಪ್ಪಣಿಗಳಿವೆ" ಅಂತ ಒಂದು ಸಾಲು ಇದ್ದರೆ ಅದೇ ದೊಡ್ಡದು.

ಮುಂದಿನ ಪ್ರಶ್ನೆ ಯಾವ ವಿಭಾಗದಲ್ಲಿ ಮಾಡೋದು ಅನ್ನೋದು. ಇದರ ಬಗ್ಗೆ ಜನ ಸಾಕಷ್ಟು ಯೋಚನೆ ಮಾಡಲ್ಲ, ಆದರೆ ಅರ್ಧ ಫಲಿತಾಂಶ ಇಲ್ಲೇ ತೀರ್ಮಾನ ಆಗಿಬಿಡುತ್ತೆ. ಲೈಬ್ರರಿ ಸೈನ್ಸ್‌ನಲ್ಲಿ ಪಿಎಚ್‌ಡಿ ಕೊಡುವ ಪರಿಪಾಠ ಶುರುವಾದದ್ದು 1926ರಲ್ಲಿ ಸ್ಥಾಪನೆಯಾದ ಶಿಕಾಗೋ ವಿಶ್ವವಿದ್ಯಾಲಯದ ಗ್ರಾಜುಯೇಟ್ ಲೈಬ್ರರಿ ಸ್ಕೂಲ್‌ನಿಂದ. ಸಮಾಜವಿಜ್ಞಾನದ ರೀತಿಯಲ್ಲಿ ಲೈಬ್ರರಿಯನ್ನು ಅಧ್ಯಯನ ಮಾಡಬೇಕು ಅನ್ನೋದು ಅವರ ಹಟ. ಆ ಹಟ ಇವತ್ತಿಗೂ ಉಳಿದಿದೆ, ಹಾಗಾಗಿ ಪ್ರಶ್ನಾವಳಿ ಹಂಚಿ, ಓದುಗರಲ್ಲಿ ಶೇಕಡಾ ಇಷ್ಟು ಜನ ತೃಪ್ತರು ಇಷ್ಟು ಜನ ಅತೃಪ್ತರು ಅಂತ ಬರೆಯುವ ಥೀಸಿಸ್‌ಗಳಿಗೆ ಕೊರತೆ ಇಲ್ಲ. (ನನಗೆ ಈ ಶೇಕಡಾ ಕಂಡರೆ ಅಲರ್ಜಿ. ಎಲ್ಲ ಹಾಗಿರಲ್ಲ, ಒಳ್ಳೆಯವೂ ಇವೆ.) ಕಲಾ ಇತಿಹಾಸ ವಿಭಾಗದಲ್ಲಾದರೆ ಕಲಾವಿದ, ಶೈಲಿ, ಕೃತಿ ಅಂತ ಏನಾದರೂ ಬೇಕು. ನನ್ನ ಕೈಯಲ್ಲಿದ್ದದ್ದು ಕಲಾಕೃತಿ ಅಲ್ಲ, ಕಲಾಕೃತಿ ಮಾರಿದ ಪಟ್ಟಿಯ ಅಂಚು. ಎರಡೂ ಕಡೆಯವರಿಗೆ ನಾನು ಪಕ್ಕದ ಮನೆಯವಳು.

ಕೊನೆಗೆ ಕಲಾ ಇತಿಹಾಸದ ಕಡೆಯೇ ಹೋದೆ. ಒಬ್ಬ ಪ್ರೊಫೆಸರ್ ಹತ್ತಿರ ಆ ಪ್ರತಿಯ ಕೆಲವು ಪುಟಗಳ ಫೋಟೋ ತೆಗೆದುಕೊಂಡು ಹೋಗಿದ್ದೆ. ಅವರು ಬಹಳ ಹೊತ್ತು ನೋಡಿ, "ಇದು ಕಲಾ ಇತಿಹಾಸದ ಪ್ರಶ್ನೆ ಅಲ್ಲ ಮೇಡಂ, ಕ್ಯಾಟಲಾಗಿಂಗ್ ಪ್ರಶ್ನೆ" ಅಂದರು. "ಸರ್, ಇದನ್ನ ಸರಿಯಾಗಿ ಕ್ಯಾಟಲಾಗ್ ಮಾಡದಿದ್ರೆ ನಿಮ್ಮ ವಿದ್ಯಾರ್ಥಿಗಳು ಬರೆಯೋ ಪ್ರೊವೆನೆನ್ಸ್ ಅಧ್ಯಾಯ ಅರ್ಧ ಊಹೆ ಆಗುತ್ತಲ್ವಾ" ಅಂದೆ. ಅವರು ನಕ್ಕು ಸಿನಾಪ್ಸಿಸ್, ಅಂದರೆ ಸಂಶೋಧನೆಯ ರೂಪುರೇಷೆ, ಬರೆದು ತರೋಕೆ ಹೇಳಿದರು. ಅವರೇ ನನ್ನ ಗೈಡ್ ಆದರು. ನನಗೆ ಸಿಕ್ಕ ದೊಡ್ಡ ಅದೃಷ್ಟ ಅದು. ಗೈಡ್ ಸರಿ ಇಲ್ಲದೆ ವರ್ಷಗಟ್ಟಲೆ ಒದ್ದಾಡಿದವರನ್ನು ಕಣ್ಣಾರೆ ನೋಡಿದ್ದೇನೆ.

ಕೋರ್ಸ್‌ವರ್ಕ್ ಬಗ್ಗೆ ಹೇಳೋಕೆ ಹೆಚ್ಚೇನಿಲ್ಲ, ಮುಗಿಸಿದೆ. ಭಾಷೆಯ ಬಗ್ಗೆ ಹೇಳಬೇಕು. ಕಲಾ ಇತಿಹಾಸದ ಹಳೆಯ ಸರಕು ಬಹುಪಾಲು ಜರ್ಮನ್ ಮತ್ತು ಫ್ರೆಂಚ್‌ನಲ್ಲಿದೆ. ಲೈಬ್ರರಿಯಲ್ಲಿ ಇರುವಾಗ ಶೀರ್ಷಿಕೆ ಪುಟ ಓದುವಷ್ಟು ಬಂದರೆ ಸಾಕಾಗಿತ್ತು: ಲೇಖಕ, ಊರು, ವರ್ಷ, ಮುಗೀತು. ಪಿಎಚ್‌ಡಿಗೆ ಅಡಿಟಿಪ್ಪಣಿಯನ್ನೂ ಓದಬೇಕಾಯಿತು. ಓದುವ ಮಟ್ಟಿಗೆ ಎರಡನ್ನೂ ಕಲಿತೆ, ಮಾತಾಡೋಕೆ ಇವತ್ತಿಗೂ ಬರಲ್ಲ. ನನ್ನ ಕೇಳಿದರೆ, ಆರ್ಟ್ ಲೈಬ್ರೇರಿಯನ್ನಿಗೆ ಪಿಎಚ್‌ಡಿಯಿಂದ ಆಗುವ ಲಾಭದಲ್ಲಿ ದೊಡ್ಡ ಪಾಲು ಈ ಭಾಷೆಯದ್ದೇ, ಮತ್ತು ಇದನ್ನು ಪಿಎಚ್‌ಡಿ ಇಲ್ಲದೆಯೂ ಕಲಿಯಬಹುದು. ಆದರೆ ಕಲಿಯಲ್ಲ, ಅಲ್ವಾ? ಕುತ್ತಿಗೆ ಹಿಡಿದು ಕೂರಿಸುವವರು ಇಲ್ಲದಿದ್ದರೆ ನಾನಂತೂ ಕಲಿಯುತ್ತಿರಲಿಲ್ಲ.

ಕೆಲಸ ಬಿಡುವ ಸ್ಥಿತಿಯಲ್ಲಿ ನಾನು ಇರಲಿಲ್ಲ. ಬೆಳಗ್ಗಿನಿಂದ ಸಂಜೆವರೆಗೆ ರೆಫರೆನ್ಸ್ ಡೆಸ್ಕ್, ಆಮೇಲೆ ಥೀಸಿಸ್. ಹೊರಗಿನವರಿಗೆ ಒಂದು ತಪ್ಪು ಕಲ್ಪನೆ ಇದೆ, ಲೈಬ್ರೇರಿಯನ್ನಿಗೇನು, ಪುಸ್ತಕಗಳ ಮಧ್ಯೆಯೇ ಇರುತ್ತಾರೆ, ಪಿಎಚ್‌ಡಿ ಸಲೀಸು ಅಂತ. ಪುಸ್ತಕಗಳ ಮಧ್ಯೆ ಇರುವುದೇ ತೊಂದರೆ. ನಿಮ್ಮ ಅಧ್ಯಾಯಕ್ಕೆ ಬೇಕಾದ ಪುಸ್ತಕ ಕೈಯಳತೆಯಲ್ಲಿದೆ, ಎದುರಿಗೆ ಒಬ್ಬ ವಿದ್ಯಾರ್ಥಿ ನಿಂತಿದ್ದಾನೆ, ನಾಳೆ ಸಲ್ಲಿಸಬೇಕಾದ ಪ್ರಬಂಧಕ್ಕೆ ಇವತ್ತು ಸಂಜೆ ಹೊತ್ತಿಗೆ ಚಿತ್ರಗಳು ಬೇಕು ಅನ್ನುತ್ತಾನೆ, ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡಿದೆ, ಬಜೆಟ್ ಸಭೆಗೆ ಪತ್ರಿಕೆಗಳ ಚಂದಾ ಪಟ್ಟಿ ಕೊಡಬೇಕು, ಮತ್ತು ಆ ಪುಸ್ತಕವನ್ನು ನೀವೇ ಬೇರೆಯವರಿಗೆ ಎರವಲು ಕೊಟ್ಟು ಕಳಿಸುತ್ತೀರಿ. ಬರವಣಿಗೆ ನಡೆದದ್ದು ರಜೆಯಲ್ಲಿ. ಆ ರಜೆಗಾಗಿ ಆಡಳಿತದ ಜೊತೆ ಗುದ್ದಾಡಬೇಕಾಯಿತು. ಪಾಠ ಮಾಡುವವರಿಗೆ ಸಂಶೋಧನಾ ರಜೆ ಇದೆ, ಲೈಬ್ರರಿಯವರಿಗೆ ಆ ಕಲಮಿನಲ್ಲಿ ಹೆಸರೇ ಇಲ್ಲ ಅಂತ ಕಡತ ವಾಪಸ್ ಬಂತು. ಕೊನೆಗೆ ನನ್ನ ಗಳಿಕೆ ರಜೆಯನ್ನೇ ತುಂಡು ತುಂಡಾಗಿ ಸುರಿದೆ. ನನ್ನ ಪಾಲಿನ ಡೆಸ್ಕ್ ಸರದಿ ಹೊತ್ತ ಸಹೋದ್ಯೋಗಿಗಳಿಗೆ ಇದರಿಂದ ಯಾವ ಲಾಭವೂ ಇರಲಿಲ್ಲ, ಅವರು ಗೊಣಗಿದರೆ ಅದು ನ್ಯಾಯವೇ.

ಇನ್ನು ನಿಜವಾದ ಕಲಿಕೆಗೆ ಬರುತ್ತೇನೆ. ಅದು ನಡೆದದ್ದು ಬೇರೆ ಲೈಬ್ರರಿಗಳಲ್ಲಿ, ಓದುಗರ ಜಾಗದಲ್ಲಿ ಕೂತಾಗ. ಮೇಜಿನ ಈಚೆ ಇಷ್ಟು ವರ್ಷ ನಿಂತವಳು ಮೊದಲ ಸಲ ಆಚೆ ಕೂತೆ. ಚೀಟಿ ಬರೆದು ಕೊಟ್ಟು ಕಾಯುವುದು, "ಈ ನಂಬರಿನಲ್ಲಿ ಏನೂ ಇಲ್ಲ" ಅಂತ ಕೇಳಿಸಿಕೊಳ್ಳುವುದು, ಫೋಟೋ ತೆಗೆಯೋ ಹಾಗಿಲ್ಲ ಅಂತ ಕೊನೇ ಗಳಿಗೆಯಲ್ಲಿ ಗೊತ್ತಾಗುವುದು. ಒಂದು ಕಡೆ ನಾನು ಕೇಳಿದ ಹರಾಜು ಕ್ಯಾಟಲಾಗ್ ಇಲ್ಲವೇ ಇಲ್ಲ ಅಂತ ಕಂಪ್ಯೂಟರ್ ಹೇಳಿತು. ಅಲ್ಲಿನ ಹಳೆಯ ಸಿಬ್ಬಂದಿಯೊಬ್ಬರು ಒಳಗೆ ಹೋಗಿ, ಬೇರೆ ಹರಾಜುಗಳ ಜೊತೆ ಸೇರಿಸಿ ಹೊಲಿದ ಒಂದು ದಪ್ಪ ಸಂಪುಟ ತಂದರು. ಬೈಂಡ್ ಮಾಡಿದವರು ಮೊದಲನೆಯದರ ಹೆಸರನ್ನು ಮಾತ್ರ ಬೆನ್ನಿನ ಮೇಲೆ ಅಚ್ಚು ಹಾಕಿದ್ದರು. ಕ್ಯಾಟಲಾಗ್ ಮಾಡಿದವರು ಬೆನ್ನನ್ನು ನೋಡಿ ದಾಖಲಿಸಿದ್ದರು. ಒಳಗಿನ ಉಳಿದ ಹರಾಜುಗಳೆಲ್ಲ ಲೋಕದ ಕಣ್ಣಿಗೆ ಇರಲೇ ಇಲ್ಲ. ನಮ್ಮಲ್ಲಿ ಇಂಥ ಸಂಪುಟ ಎಷ್ಟಿರಬಹುದು ಅಂತ ಆ ಕ್ಷಣವೇ ಹೊಟ್ಟೆ ತೊಳೆಸಿದ ಹಾಗಾಯಿತು.

ಅಂಚಿನ ಬರಹ ಓದೋದು ಒಂದು ಬೇರೆಯೇ ವಿದ್ಯೆ. ಮೊದಮೊದಲು ಅಂಚಿನಲ್ಲಿ ಬರೆದ ಹೆಸರನ್ನೆಲ್ಲ ನಾನು ಕೊಂಡವರ ಹೆಸರು ಅಂತಲೇ ಓದುತ್ತಿದ್ದೆ, ಯಾರಾದರೂ ಹಾಗೆ ಓದುತ್ತಾರೆ. ಗೈಡ್ ತಿದ್ದಿದರು. ಚಿತ್ರ ಮಾರಾಟವಾಗದೆ ಉಳಿದರೆ ಆ ಅವಮಾನ ಮುಚ್ಚೋಕೆ ಸುಮ್ನೆ ಯಾವುದೋ ಹೆಸರು ಬರೆಯುವ ರೂಢಿ ಇತ್ತು. ಕೆಲವು ಸಲ ಮಾರಲು ತಂದವರದ್ದೇ ಹೆಸರು, ಕೆಲವು ಸಲ ಹುಟ್ಟೇ ಇರದ ಮನುಷ್ಯನ ಹೆಸರು. ಹಾಗಾಗಿ ಒಂದೇ ಹೆಸರು ಒಂದೇ ಹರಾಜಿನಲ್ಲಿ ಸಂಬಂಧವೇ ಇಲ್ಲದ ಚಿತ್ರಗಳ ಮುಂದೆ ಮತ್ತೆ ಮತ್ತೆ ಬಂದರೆ ಅನುಮಾನ ಪಡಬೇಕು. ದೊಡ್ಡ ವ್ಯಾಪಾರಿ ಇರಬಹುದು, ಇಲ್ಲವೇ ಗಾಳಿಯಲ್ಲಿ ಬಂದ ಹೆಸರಿರಬಹುದು. ಇನ್ನು ಬರೀ ಅಕ್ಷರಗಳ ಗುಂಪು ಕಂಡರೆ ಅದು ಬೆಲೆಯ ಗುಪ್ತಲಿಪಿ ಇರಬಹುದು. ಯಾವ ಅಕ್ಷರವೂ ಎರಡು ಸಲ ಬರದ ಹತ್ತಕ್ಷರದ ಒಂದು ಪದವನ್ನು ವ್ಯಾಪಾರಿ ಇಟ್ಟುಕೊಳ್ಳುತ್ತಾನೆ, ಮೊದಲ ಅಕ್ಷರ ಅಂದರೆ 1, ಎರಡನೆಯದು 2, ಹತ್ತನೆಯದು ಸೊನ್ನೆ. ಗಿರಾಕಿಯ ಎದುರೇ ಕೊಂಡ ಬೆಲೆ ಬರೆದಿಟ್ಟರೂ ಗಿರಾಕಿಗೆ ತಿಳಿಯಲ್ಲ. ನಮ್ಮ ಪ್ರತಿಯಲ್ಲಿದ್ದ ಅಕ್ಷರಗಳನ್ನು ಬಿಡಿಸೋಕೆ ಆಯ್ತಾ ಅಂದರೆ, ಅರ್ಧ ಆಯ್ತು. ಒಂದೇ ಚಿತ್ರಕ್ಕೆ ಅಕ್ಷರವೂ ಅಂಕಿಯೂ ಎರಡೂ ಇದ್ದ ಕಡೆಗಳನ್ನು ಎದುರುಬದುರು ಇಟ್ಟು ಕೆಲವು ಅಕ್ಷರ ಹಿಡಿದೆ, ಉಳಿದವು ದಕ್ಕಲಿಲ್ಲ. ಥೀಸಿಸ್‌ನಲ್ಲೂ ಹಾಗೇ ಬರೆದೆ.

ಈ ಇಡೀ ಕೆಲಸಕ್ಕೆ ನನ್ನ ಊರುಗೋಲು ಫ್ರಿಟ್ಸ್ ಲುಗ್ಟ್ ಮಾಡಿದ ಹರಾಜು ಕ್ಯಾಟಲಾಗುಗಳ ಮಹಾಪಟ್ಟಿ. ನಾಲ್ಕು ಸಂಪುಟ: 1938, 1953, 1964, ಮತ್ತು ಅವರು ತೀರಿಕೊಂಡ ಮೇಲೆ 1987. 1600ರಿಂದ 1925ರವರೆಗಿನ ಹರಾಜುಗಳು ದಿನಾಂಕದ ಕ್ರಮದಲ್ಲಿವೆ. ಪ್ರತಿಯೊಂದಕ್ಕೂ ಒಂದು ನಂಬರು, ಎಲ್ಲಿ ನಡೆಯಿತು, ಯಾರ ಸಂಗ್ರಹ, ಯಾವ ಲೈಬ್ರರಿಗಳಲ್ಲಿ ಪ್ರತಿ ಇದೆ ಅನ್ನುವುದು. ಇವತ್ತಿಗೂ ಸಂಶೋಧಕರು "ಲುಗ್ಟ್ ಇಷ್ಟನೇ ನಂಬರು" ಅಂತಲೇ ಬರೆಯುತ್ತಾರೆ. ಈ ಮನುಷ್ಯ ವಿಶ್ವವಿದ್ಯಾಲಯದ ದಾರಿಯಿಂದ ಬಂದವರಲ್ಲ. ಹದಿಹರೆಯದಲ್ಲೇ ಆಮ್‌ಸ್ಟರ್‌ಡ್ಯಾಮಿನ ಒಂದು ಹರಾಜು ಮನೆಗೆ ಕೆಲಸಕ್ಕೆ ಸೇರಿ, ನೋಡಿ ನೋಡಿಯೇ ಕಲಿತವರು. ನನ್ನ ಪಿಎಚ್‌ಡಿಯ ಪುಟಪುಟಕ್ಕೂ ಪಿಎಚ್‌ಡಿ ಇಲ್ಲದ ಒಬ್ಬರನ್ನು ಉಲ್ಲೇಖ ಮಾಡಬೇಕಾಗಿ ಬಂದದ್ದು ನನಗೆ ಬಹಳ ಸಲ ನಗು ತರಿಸಿದೆ. ಡಾಕ್ಟರೇಟ್ ಇಲ್ಲದಿದ್ದರೆ ಸಂಶೋಧನೆ ಬರಲ್ಲ ಅನ್ನುವವರಿಗೆ ನಾನು ಆ ನಾಲ್ಕು ಸಂಪುಟ ತೋರಿಸುತ್ತೇನೆ.

ಬರೆಯುವ ಕಾಲದಲ್ಲಿ ನನ್ನ ವೃತ್ತಿಯ ಅಭ್ಯಾಸವೇ ಕಾಲಿಗೆ ತೊಡರಿತು. ಲೈಬ್ರೇರಿಯನ್ನಿನ ಸ್ವಭಾವ ಎಲ್ಲವನ್ನೂ ಸೇರಿಸುವುದು. ಸಂಶೋಧಕನ ಕೆಲಸ ಮುಕ್ಕಾಲು ಪಾಲು ಬಿಡುವುದು. ನನ್ನ ಮೊದಲ ಅಧ್ಯಾಯದ ಕರಡು ಓದಿದ ಗೈಡ್, "ಇದು ಒಳ್ಳೆಯ ಗ್ರಂಥಸೂಚಿ ಮೇಡಂ, ಇದರಲ್ಲಿ ನೀವು ಏನು ಹೇಳ್ತಿದ್ದೀರಿ?" ಅಂದರು. ಸಿಟ್ಟು ಬಂತು. ಆದರೆ ಪಿಎಚ್‌ಡಿ ಅಂದರೆ ಆ ಪ್ರಶ್ನೆಯೇ. ಯಾರ ಪಕ್ಷವೂ ಹಿಡಿಯದೆ ಓದುಗರಿಗೆ ಎಲ್ಲವನ್ನೂ ಒದಗಿಸುವುದು ನಮಗೆ ಕಲಿಸಿದ ನೀತಿ. ಇಲ್ಲಿ ಪಕ್ಷ ಹಿಡಿಯಬೇಕು, ಈ ಬರಹ ಹರಾಜುದಾರನದ್ದು, ಅದು ನಕಲು, ಯಾಕೆ ಅಂದರೆ ಇದು ಸಾಕ್ಷಿ, ಅಂತ ಎದೆ ತಟ್ಟಿ ಹೇಳಬೇಕು. ಅದನ್ನು ಕಲಿಯೋಕೆ ನನಗೆ ಜರ್ಮನ್ ಕಲಿಯುವುದಕ್ಕಿಂತ ಜಾಸ್ತಿ ಕಾಲ ಹಿಡಿಯಿತು.

ವೈವಾದಲ್ಲಿ, ಅಂದರೆ ಕೊನೆಯ ಮೌಖಿಕ ಪರೀಕ್ಷೆಯಲ್ಲಿ, ಹೊರಗಿನ ಪರೀಕ್ಷಕರು ನಿರೀಕ್ಷೆಯ ಪ್ರಶ್ನೆಯನ್ನೇ ಕೇಳಿದರು. ಇದೆಲ್ಲ ಡಿಜಿಟಲ್ ಆಗುತ್ತಿದೆಯಲ್ಲ, ಕಾಗದದ ಪ್ರತಿಗಳ ಮೇಲೆ ಇಷ್ಟು ಶ್ರಮ ಯಾಕೆ? ಜರ್ಮನಿಯ ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯದ ಲೈಬ್ರರಿ, ಬರ್ಲಿನ್‌ನ ಕಲಾ ಲೈಬ್ರರಿ ಮತ್ತು ಅಮೆರಿಕದ ಗೆಟ್ಟಿ ಸಂಶೋಧನಾ ಸಂಸ್ಥೆ ಸೇರಿ 1930ರಿಂದ 1945ರವರೆಗಿನ ಜರ್ಮನ್ ಹರಾಜು ಕ್ಯಾಟಲಾಗುಗಳನ್ನು ಸ್ಕ್ಯಾನ್ ಮಾಡಿ ಎಲ್ಲರಿಗೂ ಉಚಿತವಾಗಿ ಕೊಟ್ಟಿರುವುದು ಅವರ ಉದಾಹರಣೆ. ಒಳ್ಳೆಯ ಉದಾಹರಣೆಯೇ, ನಾನೂ ಅದನ್ನು ದಿನಾ ಬಳಸಿದ್ದೇನೆ. ನನ್ನ ಉತ್ತರ ಇಷ್ಟೇ ಇತ್ತು: ಸ್ಕ್ಯಾನ್ ಮಾಡಿದ್ದು ಒಂದು ಪ್ರತಿಯನ್ನು. ಬೇರೆ ಪ್ರತಿಯ ಅಂಚಿನಲ್ಲಿ ಬೇರೆ ಬರಹ ಇರುತ್ತದೆ. ಅಚ್ಚಾದ ಅಕ್ಷರಕ್ಕೆ ಒಂದು ಸ್ಕ್ಯಾನ್ ಸಾಕು, ಪೆನ್ಸಿಲ್‌ಗೆ ಸಾಲದು. ಒಂದು ಸ್ಕ್ಯಾನ್ ಬಂದ ಕೂಡಲೇ ಉಳಿದ ಲೈಬ್ರರಿಗಳು ತಮ್ಮ ಪ್ರತಿ ಎಸೆದರೆ ಸಾಕ್ಷಿ ಕಡಿಮೆ ಆಗುತ್ತದೆ. ಅವರು ತಲೆಯಾಡಿಸಿದರು. ಮುಂದಿನ ಪ್ರಶ್ನೆಗಳೆಲ್ಲ ಕಾಗುಣಿತ ಮತ್ತು ಅಡಿಟಿಪ್ಪಣಿಗಳದ್ದು.

ಹಾಗಾದರೆ ಏನು ಬದಲಾಯಿತು? ಎಲ್ಲಕ್ಕಿಂತ ಮೊದಲು ಕ್ಯಾಟಲಾಗಿಂಗ್. ಲೈಬ್ರರಿಗಳು ಕಂಪ್ಯೂಟರಿನಲ್ಲಿ ಪುಸ್ತಕದ ವಿವರ ಬರೆಯುವ ಮಾದರಿಗೆ ಮಾರ್ಕ್ ಅನ್ನುತ್ತಾರೆ. ಆ ಮಾರ್ಕ್ ದಾಖಲೆಯಲ್ಲಿ 561 ಅಂತ ಒಂದು ಫೀಲ್ಡ್ ಇದೆ, ಒಡೆತನದ ಇತಿಹಾಸ ಬರೆಯೋಕೆ. ಅದು ಮೊದಲಿಂದ ಇದ್ದದ್ದೇ, ನಮ್ಮಲ್ಲಿ ಅದನ್ನು ತುಂಬುವವರಿರಲಿಲ್ಲ, ಯಾಕೆಂದರೆ ಏನು ತುಂಬಬೇಕು ಅಂತ ಗೊತ್ತಾಗಬೇಕಾದರೆ ಬರಹ ಓದೋಕೆ ಬರಬೇಕು. ಈಗ ಪ್ರತಿ ಹರಾಜು ಕ್ಯಾಟಲಾಗಿಗೆ ಬೆಲೆ ಇದೆಯಾ, ಹೆಸರು ಇದೆಯಾ, ಒಂದೇ ಕೈಬರಹವಾ ಎರಡಾ, ಶಾಯಿಯಾ ಪೆನ್ಸಿಲ್ಲಾ, ಎಲ್ಲ ಪುಟದಲ್ಲಿದೆಯಾ ಅರ್ಧಕ್ಕೆ ನಿಂತಿದೆಯಾ ಅಂತ ಬರೆಯುತ್ತೇವೆ, ಕೊನೆಗೆ ಇದು ನಮ್ಮ ಲೈಬ್ರರಿಯ ಪ್ರತಿಗೆ ಮಾತ್ರ ಸಂಬಂಧಿಸಿದ್ದು ಅಂತ ಸೂಚಿಸುವ ಸಂಸ್ಥೆಯ ಕೋಡ್ ಹಾಕುತ್ತೇವೆ. ಒಟ್ಟಿಗೆ ಬೈಂಡ್ ಆದ ಸಂಪುಟಗಳನ್ನು ಬಿಚ್ಚದೆಯೇ ಒಳಗಿನ ಪ್ರತಿಯೊಂದಕ್ಕೂ ಬೇರೆ ದಾಖಲೆ ಮಾಡಿದೆವು. ಇದು ಇನ್ನೂ ಮುಗಿದಿಲ್ಲ.

ಎರಡನೆಯದನ್ನು ಹೇಳೋಕೆ ನನಗೇ ಮುಜುಗರ. ಸಭೆಗಳಲ್ಲಿ ನನ್ನ ಮಾತು ನಡೆಯತೊಡಗಿತು. ಎರಡನೇ ಪ್ರತಿಗಳನ್ನು ಎಸೆಯಬಾರದು ಅಂತ ನಾನು ಪಿಎಚ್‌ಡಿಗೆ ಮೊದಲೂ ಹೇಳಿದ್ದೆ, ಆಗ ಅದು "ಲೈಬ್ರರಿಯವರ ಅಭಿಪ್ರಾಯ". ಆಮೇಲೆ ಅದೇ ಮಾತನ್ನು, ಬಹುಶಃ ಅದೇ ಪದಗಳಲ್ಲಿ, ಹೇಳಿದಾಗ ಟಿಪ್ಪಣಿಯಲ್ಲಿ ಬರೆದುಕೊಂಡರು. ನನಗಿಂತ ಚೆನ್ನಾಗಿ ಕ್ಯಾಟಲಾಗ್ ಮಾಡುವ ಸಹೋದ್ಯೋಗಿಗಳ ಮಾತಿಗೆ ಇವತ್ತಿಗೂ ಆ ಬೆಲೆ ಇಲ್ಲ. ಪ್ರಾಧ್ಯಾಪಕರ ನಡುವೆ ಲೈಬ್ರೇರಿಯನ್ ಅಂದರೆ ಪುಸ್ತಕ ತಂದುಕೊಡುವವರು ಅನ್ನೋ ಭಾವನೆ ಗಟ್ಟಿಯಾಗಿ ಕೂತಿದೆ, ಪದವಿ ಅದನ್ನು ಸ್ವಲ್ಪ ಅಲುಗಾಡಿಸುತ್ತದೆ, ಅದೂ ಪದವಿ ಪಡೆದವರ ಮಟ್ಟಿಗೆ ಮಾತ್ರ.

ವಿದ್ಯಾರ್ಥಿಗಳ ಜೊತೆಗಿನ ಕೆಲಸದಲ್ಲಿ ಬದಲಾವಣೆ ಚಿಕ್ಕದು, ಆದರೆ ನನಗೆ ಇಷ್ಟವಾದದ್ದು. ಮೊದಲು ಯಾರಾದರೂ ವಿಷಯ ಹೇಳಿದರೆ ನಾನು ಪುಸ್ತಕಗಳ ಪಟ್ಟಿ ಕೊಡುತ್ತಿದ್ದೆ. ಈಗ ಮೊದಲು, "ನೀನು ಏನನ್ನ ಸಾಬೀತು ಮಾಡ್ಬೇಕು ಅಂತಿದ್ದೀಯ?" ಅಂತ ಕೇಳುತ್ತೇನೆ. ಅರ್ಧ ಜನ ಹೆದರಿ ಓಡುತ್ತಾರೆ. ಉಳಿದವರಿಗೆ ಮೂರು ಪುಸ್ತಕ ಸಾಕಾಗುತ್ತದೆ.

ಕಳೆದುಕೊಂಡದ್ದನ್ನೂ ಹೇಳಬೇಕು. ಆ ವರ್ಷಗಳಲ್ಲಿ ಹೊಸ ಕಲೆಯ ಪುಸ್ತಕಗಳ ಖರೀದಿ ಹಿಂದೆ ಬಿತ್ತು. ಸಣ್ಣ ಪ್ರಕಾಶಕರು, ಕಲಾವಿದರೇ ಮಾಡುವ ಪುಸ್ತಕಗಳು, ಪ್ರದರ್ಶನದ ಕ್ಯಾಟಲಾಗುಗಳು, ಇವು ಅಚ್ಚಾಗುವುದೇ ಕೆಲವು ನೂರು ಪ್ರತಿ, ಆ ಹೊತ್ತಿಗೆ ಕೊಳ್ಳದಿದ್ದರೆ ಮತ್ತೆ ಸಿಗಲ್ಲ. ಹಳೆಯ ಹರಾಜಿನಲ್ಲಿ ಮುಳುಗಿದವಳಿಗೆ ಇವತ್ತಿನ ಗ್ಯಾಲರಿಯಲ್ಲಿ ಏನು ನಡೆಯುತ್ತಿದೆ ಅನ್ನೋ ಕಿವಿ ಮಂದವಾಗುತ್ತದೆ. ಪಿಎಚ್‌ಡಿ ಆಳ ಕೊಡುತ್ತದೆ ಅನ್ನುತ್ತಾರೆ, ಸರಿ. ಆದರೆ ಆರ್ಟ್ ಲೈಬ್ರೇರಿಯನ್ನಿಗೆ ಅಗಲವೂ ಬೇಕು. ಒಂದೇ ದಿನ ಒಬ್ಬರು ಜವಳಿ ವಿನ್ಯಾಸ ಕೇಳುತ್ತಾರೆ, ಇನ್ನೊಬ್ಬರು ವಿಡಿಯೋ ಕಲೆ, ಮತ್ತೊಬ್ಬರು ಚೌಕಟ್ಟು ಕಟ್ಟುವುದು ಹೇಗೆ ಅಂತ. ಇದಕ್ಕೆಲ್ಲ ನನ್ನ ಥೀಸಿಸ್ ಮೂರು ಕಾಸಿಗೂ ಉಪಯೋಗವಿಲ್ಲ.

ಅದಕ್ಕೇ ಕೇಳಿದವರಿಗೆಲ್ಲ ಮಾಡಿ ಅಂತ ನಾನು ಹೇಳಲ್ಲ. ನಿಮ್ಮ ಕಪಾಟಿನಲ್ಲೇ ಇರುವ, ಬೇರೆ ಯಾರೂ ಬಿಡಿಸದ ಒಂದು ಗಂಟು ಇದೆಯಾ ನೋಡಿ. ಇದ್ದರೆ ಅದನ್ನು ಬಿಡಿಸೋಕೆ ಪಿಎಚ್‌ಡಿ ಒಂದು ಒಳ್ಳೆಯ ನೆಪ. ಗೈಡ್ ಸಿಗುತ್ತಾರೆ, ಬೇರೆ ಲೈಬ್ರರಿಗಳ ಬಾಗಿಲು ತೆರೆಯುತ್ತದೆ, ಮುಗಿಸಲೇಬೇಕಾದ ಒತ್ತಡ ಇರುತ್ತದೆ. ಗಂಟು ಇಲ್ಲ, ಹೆಸರಿಗೆ ಡಾಕ್ಟರ್ ಬೇಕು ಅಷ್ಟೇ ಅನ್ನುವುದಾದರೆ ಒಂದು ಭಾಷೆ ಕಲಿಯಿರಿ, ಕೈಬರಹ ಓದುವ ಒಂದು ಶಿಬಿರಕ್ಕೆ ಹೋಗಿ, ಕಲಾ ಇತಿಹಾಸದಲ್ಲಿ ಎಂ.ಎ. ಮಾಡಿ. ಕಾಲು ಭಾಗದ ಶ್ರಮಕ್ಕೆ ಮುಕ್ಕಾಲು ಲಾಭ.

ನಮ್ಮಲ್ಲಿ ಕೆಲಸ ಮಾಡುವ ಒಬ್ಬ ಹುಡುಗಿ ಈಗ ಹೊರಟಿದ್ದಾಳೆ. ಕಲಾವಿದರ ಕಡತಗಳು ಅಂತ ನಮ್ಮ ಕಬ್ಬಿಣದ ಬೀರುಗಳಲ್ಲಿ ಪ್ರದರ್ಶನದ ಆಮಂತ್ರಣ, ಕರಪತ್ರ, ಪತ್ರಿಕೆಯ ತುಣುಕು ಎಲ್ಲ ತುಂಬಿಕೊಂಡಿವೆ, ಯಾವುದಕ್ಕೂ ದಾಖಲೆ ಇಲ್ಲ. ಒಂದೇ ಒಂದು ಪುಸ್ತಕವೂ ಬಾರದ ಕಲಾವಿದರ ಬಗ್ಗೆ ಉಳಿದಿರುವುದು ಆ ಚೂರುಗಳು ಮಾತ್ರ. ಅವಳ ವಿಷಯ ಅದು. ಗಂಟು ಗಟ್ಟಿಯಾಗಿದೆ. "ಅಕ್ಕಾ, ಸಿನಾಪ್ಸಿಸ್ ಮೊದಲು ಬರೀಲಾ, ಗೈಡ್ ಮೊದಲು ಹುಡುಕಲಾ?" ಅಂತ ಕೇಳಿದಳು. ರಜೆ ಮೊದಲು ಕೇಳು, ಬರವಣಿಗೆಯಲ್ಲಿ ತಗೋ, ಯಾರ ಡೆಸ್ಕ್ ಸರದಿ ಯಾರು ನೋಡಿಕೊಳ್ತಾರೆ ಅನ್ನೋದೂ ಅದರಲ್ಲೇ ಇರಲಿ ಅಂದೆ. ಅರ್ಜಿಯನ್ನು ಇಬ್ಬರೂ ಕೂತು ಬರೆದೆವು, ಆ ಹಳೆಯ ಕಲಮಿನಲ್ಲಿ ಲೈಬ್ರರಿ ಸಿಬ್ಬಂದಿಯನ್ನೂ ಸೇರಿಸಬೇಕು ಅಂತ ಕೇಳಿದ್ದೇವೆ. ಇನ್ನೂ ಉತ್ತರ ಬಂದಿಲ್ಲ.